ಯಾರ ಕೈ, ಯಾರ ಕೆನ್ನೆ

ಕಳೆದ ತಿಂಗಳು ನಮ್ಮ ಬಳಗದ ಕೂಟ ಮುಗಿದ ಮೇಲೆ ಎಂದಿನಂತೆ ನಾವು ಐದಾರು ಮಂದಿ ಮಾಟುಂಗದ ಹೋಟೆಲೊಂದರಲ್ಲಿ ಕಾಫಿಗೆ ಕುಳಿತಿದ್ದೆವು. ಅಂದು ಓದಿದ ಪ್ರಬಂಧದ ಚರ್ಚೆ ಇನ್ನೂ ಮುಗಿದಿರಲಿಲ್ಲ. ಆಗ ಬಳಗದ ಕಿರಿಯ ಗೆಳೆಯರೊಬ್ಬರು ಚೀಲದಿಂದ ಮರದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮಖಮಲ್ಲಿನ ಹಾಸಿನ ಮೇಲೆ ಮಡಚಿದ ಕ್ಷೌರದ ಕತ್ತಿ. ಮರಾಠಿಯವರು ವಸ್ತರಾ ಎನ್ನುವ, ಹಿಂದಿಯವರು ಉಸ್ತರಾ ಎನ್ನುವ ಅದೇ ಕತ್ತಿ. ‘ಪ್ಲಾಸ್ಟಿಕ್ಕಿನ ಮೂರು ಬ್ಲೇಡು, ಐದು ಬ್ಲೇಡುಗಳ ರೇಜರುಗಳು ಸಾಕಾಗಿವೆ ಸರ್. ಹಳೆಯ ಪದ್ಧತಿಗೆ ಮರಳಬೇಕೆಂದಿದ್ದೇನೆ. ಈ ಕತ್ತಿ ಸರಿಯೋ, ಅಥವಾ ನಮ್ಮ ತಂದೆಯವರ ಕಾಲದ ಸೇಫ್ಟಿ ರೇಜರೋ? ನೀವೇನು ಹೇಳುತ್ತೀರಿ?’ ಎಂದು ಕೇಳಿದರು.

ಪ್ರಶ್ನೆ ಕೇಳಿದ್ದು ನನ್ನನ್ನು. ಆದರೆ ಕತ್ತಿಗೆ ಕೈ ಚಾಚಿದವರು ನನ್ನ ಪಕ್ಕದಲ್ಲಿದ್ದ ಹಿರಿಯರು. ಬ್ಯಾಂಕಿನ ಅಧಿಕಾರಿಯಾಗಿ ನಿವೃತ್ತರಾದವರು, ಹಳಗನ್ನಡವನ್ನು ಚೆನ್ನಾಗಿ ಓದಿಕೊಂಡವರು. ಅವರು ಕತ್ತಿಯನ್ನು ಒಂದೇ ಕೈಯಲ್ಲಿ ಬಿಡಿಸಿದ ರೀತಿ ನೋಡಿ ನಾವೆಲ್ಲ ಮಾತು ನಿಲ್ಲಿಸಿದೆವು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನ ಉಗುರಿನ ಮೇಲೆ ಅದನ್ನು ಹಗುರವಾಗಿ ಇಟ್ಟು ತೆಗೆದರು. ‘ಇದಕ್ಕಿನ್ನೂ ಹರಿತ ಬಂದಿಲ್ಲ. ಹೀಗೆಯೇ ಗಡ್ಡಕ್ಕೆ ಇಟ್ಟರೆ ಚರ್ಮ ಕೀಳುತ್ತದೆ’ ಎಂದರು. ಬಳಿಕ ಮಡಚಿ ಪೆಟ್ಟಿಗೆಯಲ್ಲಿಡುತ್ತ, ಯಾರನ್ನೂ ನೋಡದೆ, ‘ನನ್ನ ಅಜ್ಜ ಊರಿನಲ್ಲಿ ಹಡಪ ಹೊತ್ತವರು. ಅಪ್ಪ ಇದನ್ನು ನನ್ನ ಕೈಗೆ ಕೊಡಲಿಲ್ಲ. ಕೊಡಬಾರದೆಂದೇ ನನ್ನನ್ನು ಮುಂಬಯಿಗೆ ಕಳುಹಿಸಿದರು’ ಎಂದರು.

ಮೂವತ್ತು ವರ್ಷಗಳ ಒಡನಾಟದಲ್ಲಿ ಅವರು ಈ ಮಾತನ್ನು ಹೇಳಿದ್ದು ಅದೇ ಮೊದಲು. ಕಾಫಿ ಬಂತು, ಮಾತು ಬೇರೆಡೆಗೆ ಹೋಯಿತು. ನಾನು ಮಾತ್ರ ಆ ಪ್ರಶ್ನೆಯನ್ನೂ ಅವರ ಮಾತನ್ನೂ ಜೊತೆಯಾಗಿಯೇ ಮನೆಗೆ ಕೊಂಡೊಯ್ದೆ. ಮನೆಯಲ್ಲಿ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ನನಗಾಗಿ ಕಾದಿತ್ತು. ಎಂಬತ್ತು ದಾಟಿದ ಅಪ್ಪಯ್ಯನ ಕೈ ಎರಡು ವರ್ಷಗಳಿಂದ ನಡುಗುತ್ತಿದೆ. ಅವರ ಗಡ್ಡವನ್ನು ಯಾರು, ಯಾವುದರಿಂದ ತೆಗೆಯಬೇಕೆಂಬುದು ನಮ್ಮ ಮನೆಯ ಪ್ರತಿವಾರದ ಚಿಂತೆ. ಕಿರಿಯ ಗೆಳೆಯರಿಗೆ ಅಂದು ಕೊಡಲಾಗದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಾಧನಗಳ ಪರಿಚಯ ಮಾಡಿಕೊಳ್ಳೋಣ. ಸಾಂಪ್ರದಾಯಿಕ ಎಂದು ಇಂದು ಕರೆಸಿಕೊಳ್ಳುವ ಕ್ಷೌರದ ಸಾಧನಗಳು ಮುಖ್ಯವಾಗಿ ಮೂರು. ಮೊದಲನೆಯದು ಮಡಚುವ ಕತ್ತಿ. ಅದರ ಅಲಗಿನ ಬೆನ್ನು ದಪ್ಪ, ಎರಡು ಬದಿಗಳನ್ನೂ ಒಳಬಾಗುವಂತೆ ತೋಡಿರುವುದರಿಂದ ಅಂಚು ಬಹಳ ತೆಳು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗನ್ ಊರುಗಳು ಇಂಥ ಕತ್ತಿಗಳಿಗೆ ಹೆಸರಾದವು. ಎರಡನೆಯದು ಅದೇ ಆಕಾರದ, ಆದರೆ ಸ್ವಂತ ಅಲಗಿಲ್ಲದ ಕತ್ತಿ. ಅದರ ಬಾಯಿಗೆ ಬ್ಲೇಡಿನ ಅರ್ಧ ತುಂಡನ್ನು ಸಿಕ್ಕಿಸುತ್ತಾರೆ. ನಮ್ಮ ಸೆಲೂನುಗಳಲ್ಲಿ ಇಂದು ಕಾಣುವುದು ಬಹುತೇಕ ಇದೇ. ಮೂರನೆಯದು ಎರಡಂಚಿನ ಬ್ಲೇಡಿನ ಸೇಫ್ಟಿ ರೇಜರು. ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ ಎಂಬ ಮೂರು ತುಂಡುಗಳಾಗಿ ಬಿಚ್ಚಿಕೊಳ್ಳುವುದು ಒಂದು ಬಗೆ, ಹಿಡಿಯ ತುದಿ ತಿರುವಿದರೆ ಎರಡು ಬಾಗಿಲುಗಳಂತೆ ಮೇಲ್ಭಾಗ ತೆರೆದುಕೊಳ್ಳುವುದು ಇನ್ನೊಂದು.

ಮಡಚುವ ಕತ್ತಿಯ ಪರವಾಗಿ ಹೇಳಬೇಕಾದ ಮಾತುಗಳಿವೆ, ಅವನ್ನು ಪ್ರಾಮಾಣಿಕವಾಗಿಯೇ ಹೇಳಬೇಕು. ಅದರಲ್ಲಿ ಎಸೆಯುವಂಥದ್ದು ಏನೂ ಇಲ್ಲ. ಸರಿಯಾಗಿ ನೋಡಿಕೊಂಡರೆ ಒಂದು ಕತ್ತಿ ತಂದೆಯಿಂದ ಮಗನಿಗೆ ಬರುತ್ತದೆ. ಪಳಗಿದ ಕೈಯಲ್ಲಿ ಅದು ಕೊಡುವ ನುಣುಪನ್ನು ಬಲ್ಲವರು ಬೇರೆಯದನ್ನು ಒಪ್ಪುವುದಿಲ್ಲ. ಅದನ್ನು ಹಿಡಿದವನ ಗಮನ ಅತ್ತಿತ್ತ ಹರಿಯುವಂತಿಲ್ಲ. ಸಾಧನೆಯ ಕಠಿಣ ದಾರಿಯನ್ನು ಹೇಳಬೇಕಾದಾಗ ಕಠೋಪನಿಷತ್ತಿಗೆ ಹೊಳೆದ ಹೋಲಿಕೆಯೂ ಕ್ಷೌರದ ಕತ್ತಿಯ ಅಂಚೇ. ಫೋನನ್ನು ಬದಿಗಿಟ್ಟು ಹತ್ತು ನಿಮಿಷ ಒಂದೇ ಕೆಲಸದಲ್ಲಿ ಮನಸ್ಸಿಡಬೇಕೆಂದು ನಮ್ಮ ಕಿರಿಯ ಗೆಳೆಯರಿಗೆ ಅನ್ನಿಸಿದ್ದರೆ ಅದನ್ನು ಹಗುರವಾಗಿ ಕಾಣಲಾರೆ.

ಆದರೆ ಆ ಕತ್ತಿ ಬೇಡುವುದು ಹತ್ತು ನಿಮಿಷವನ್ನಷ್ಟೇ ಅಲ್ಲ. ಪ್ರತಿಸಲ ಗಡ್ಡ ತೆಗೆಯುವ ಮುನ್ನ ಅಂಚನ್ನು ಚರ್ಮದ ಪಟ್ಟಿಯ ಮೇಲೆ ಹತ್ತಾರು ಬಾರಿ ಎಳೆಯಬೇಕು. ಎಳೆಯುವಾಗ ಬೆನ್ನು ಮುಂದೆ, ಅಂಚು ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಮರೆತು ಒಮ್ಮೆ ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಕೆಟ್ಟಿತು, ಅಂಚೂ ಕೆಟ್ಟಿತು. ಕೆಲವು ತಿಂಗಳಿಗೊಮ್ಮೆ ಸಾಣೆಕಲ್ಲಿಗೆ ಹಿಡಿಯಬೇಕು, ಒಂದಲ್ಲ, ಒಂದಕ್ಕಿಂತ ಒಂದು ನಯವಾದ ಎರಡು ಮೂರು ಕಲ್ಲುಗಳಿಗೆ. ಮೇಲಾಗಿ ಒಳ್ಳೆಯ ಕತ್ತಿಗಳು ಹೆಚ್ಚಾಗಿ ತುಕ್ಕು ಹಿಡಿಯುವ ಉಕ್ಕಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಂಥಲ್ಲಿ ಆ ಕತ್ತಿಯನ್ನು ಒರೆಸಿ, ಎಣ್ಣೆ ಸವರಿ, ಸ್ನಾನದ ಮನೆಯಿಂದ ದೂರ ಇಡಬೇಕು. ಇಷ್ಟೆಲ್ಲ ಕಲಿಯುವವರೆಗೆ ಗಾಯವಾಗುವುದು ಕಲಿಯುವವನ ಕೆನ್ನೆಗೆ.

ಇದೆಲ್ಲ ಯಾರಿಗಾಗಿ ರೂಪುಗೊಂಡ ಶ್ರಮ ಎಂಬುದು ನನ್ನ ಮುಖ್ಯ ಪ್ರಶ್ನೆ. ಮಸೆಯುವುದು, ಪಟ್ಟಿಗೆ ಎಳೆಯುವುದು, ಎಣ್ಣೆ ಹಚ್ಚುವುದು, ಇವು ದಿನಕ್ಕೆ ಇಪ್ಪತ್ತು ಮುಖಗಳ ಕೆಲಸ ಮಾಡುವವನಿಗೆ ಸಹಜವಾದ ದುಡಿಮೆ. ನಮ್ಮ ನಾಡಿನಲ್ಲಿ ಮಡಚುವ ಕತ್ತಿ ಮುಖ್ಯವಾಗಿ ಒಬ್ಬನ ಕೈ ಇನ್ನೊಬ್ಬನ ಕೆನ್ನೆಯ ಮೇಲೆ ಮಾಡುವ ಕೆಲಸಕ್ಕಾಗಿ ಇದ್ದ ಸಾಧನ. ಆ ಕೈ ಯಾರದೆಂಬುದನ್ನು ಹುಟ್ಟೇ ನಿರ್ಧರಿಸಿಬಿಡುತ್ತಿತ್ತು. ಹಳ್ಳಿಯ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಮನೆಮನೆಗೆ ಹೋಗಿ ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣದಿಂದ ಧಾನ್ಯ ಪಡೆಯುತ್ತಿದ್ದ. ಎಂಥ ದೊಡ್ಡವನೂ ಅವನ ಮುಂದೆ ಕುತ್ತಿಗೆ ಒಡ್ಡಿ ಕೂರಬೇಕು, ಅಷ್ಟು ನಂಬಿಕೆ. ಆದರೆ ಅವನು ಮುಟ್ಟಿದ ಮೇಲೆ ಸ್ನಾನ ಮಾಡಿಯೇ ಒಳಗೆ ಬರಬೇಕು, ಅಷ್ಟು ಮೈಲಿಗೆ. ಪ್ರಾಣವನ್ನೇ ಒಪ್ಪಿಸುವಷ್ಟು ನಂಬಿದ ಕೈಯನ್ನು ಮುಟ್ಟಬಾರದ ಕೈ ಎಂದೂ ಎಣಿಸಿದ ಸಮಾಜ ನಮ್ಮದು. ಆ ವೃತ್ತಿಯ ಹೆಸರನ್ನೇ ಇಂದಿಗೂ ಬೈಗುಳವಾಗಿ ಬಳಸುವವರಿದ್ದಾರೆ.

ಆ ಕೈಗೆ ಸ್ವಂತ ವಿವೇಕವೂ ಇತ್ತೆಂಬುದಕ್ಕೆ ನಾವಿರುವ ಈ ನಗರವೇ ಸಾಕ್ಷಿ. ಮೇಲುಜಾತಿಯ ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿ ನಡೆಯುತ್ತಿದ್ದುದು ಇದೇ ಕತ್ತಿಯಿಂದ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ತಾವು ಈ ಕೆಲಸವನ್ನು ಮಾಡುವುದಿಲ್ಲವೆಂದು ತೀರ್ಮಾನಿಸಿದರು. ಅದರ ಹಿಂದೆ ಇದ್ದವರು ಜ್ಯೋತಿಬಾ ಫುಲೆಯವರ ಸಂಗಾತಿ, ‘ದೀನಬಂಧು’ ಪತ್ರಿಕೆಯ ನಾರಾಯಣ ಮೇಘಾಜಿ ಲೋಖಂಡೆ. ಶಾಸ್ತ್ರ ಓದಿದವರು ವಾದ ಮಾಡುತ್ತಿದ್ದ ಕಾಲದಲ್ಲಿ, ಕತ್ತಿ ಹಿಡಿದವರು ಅದನ್ನು ಕೆಳಗಿಟ್ಟು ಉತ್ತರ ಕೊಟ್ಟರು. ಮಡಚುವ ಕತ್ತಿಯ ಸಂಪ್ರದಾಯವನ್ನು ಉಳಿಸಬೇಕೆನ್ನುವವರು ಆ ಸಂಪ್ರದಾಯದಲ್ಲಿ ಈ ಸಭೆಯನ್ನೂ ಸೇರಿಸಿಕೊಳ್ಳಬೇಕು. ಮರದ ಪೆಟ್ಟಿಗೆಯ ಜೊತೆ ಬರುವ ಹೊಳಪು ಕಾಗದದಲ್ಲಿ ಇದಾವುದೂ ಇರುವುದಿಲ್ಲ.

ಈಗ ಸೇಫ್ಟಿ ರೇಜರಿನ ವಿಷಯ. ಗಾಯವಾಗದಂತೆ ಅಂಚಿಗೆ ತಡೆ ಇಡುವ ಯೋಚನೆ ಹಳೆಯದು. ಅಮೆರಿಕದಲ್ಲಿ ಕ್ಯಾಂಪ್ಫೆ ಸೋದರರು 1880ರಲ್ಲಿಯೇ ಅಂಥದೊಂದಕ್ಕೆ ಹಕ್ಕುಪತ್ರ ಪಡೆದಿದ್ದರು. ಆದರೆ ಅದರ ಅಲಗನ್ನೂ ಮಸೆಯಲೇಬೇಕಿತ್ತು. ಕಿಂಗ್ ಕ್ಯಾಂಪ್ ಜಿಲೆಟ್ ಯೋಚಿಸಿದ್ದು ಮಸೆಯಬೇಕಾಗಿಯೇ ಇಲ್ಲದ, ಮೊಂಡಾದರೆ ಬದಲಿಸುವ ತೆಳು ಉಕ್ಕಿನ ಬ್ಲೇಡನ್ನು. ಅಷ್ಟು ತೆಳುವಾದ ಉಕ್ಕನ್ನು ಹದಗೊಳಿಸಿ ಹರಿತ ಮಾಡುವ ಯಂತ್ರವನ್ನು ರೂಪಿಸಿದವರು ವಿಲಿಯಂ ನಿಕರ್ಸನ್. 1901ರಲ್ಲಿ ಕಂಪನಿ ಸ್ಥಾಪನೆಯಾಯಿತು. ಮಾರಾಟ ಆರಂಭವಾದ 1903ರಲ್ಲಿ ಹೋದದ್ದು 51 ರೇಜರುಗಳು, 168 ಬ್ಲೇಡುಗಳು ಮಾತ್ರ. 1904ರಲ್ಲಿ ಹಕ್ಕುಪತ್ರ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಅದಕ್ಕೆ ಎದುರಿಲ್ಲದಾಯಿತು.

ಅದರ ಒಳಗುಟ್ಟು ಸರಳ. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಹಾಗೆಯೇ ಹಿಡಿದರೆ ಬಳುಕುತ್ತದೆ. ಮುಚ್ಚಳ ಮತ್ತು ತಟ್ಟೆಯ ನಡುವೆ ಇಟ್ಟು ಹಿಡಿಯನ್ನು ಬಿಗಿಮಾಡಿದಾಗ ಅದು ಬಿಲ್ಲಿನಂತೆ ಬಾಗಿ ಗಟ್ಟಿಯಾಗುತ್ತದೆ. ಅಂಚು ಎಷ್ಟು ಹೊರಗಿಣುಕಬೇಕು, ಚರ್ಮಕ್ಕೆ ಯಾವ ಕೋನದಲ್ಲಿ ತಾಗಬೇಕು ಎಂಬುದನ್ನು ಲೋಹದ ಆಕಾರವೇ ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಕ್ಷೌರಿಕನು ವರ್ಷಗಟ್ಟಲೆ ಕಲಿತು ಮಣಿಕಟ್ಟಿನಲ್ಲಿ ಇಟ್ಟುಕೊಂಡ ವಿದ್ಯೆಯ ಒಂದು ಪಾಲು ಹೀಗೆ ಹಿತ್ತಾಳೆಯ ಎರಡು ತುಂಡುಗಳಿಗೆ ಬಂತು. ಕೈಗೆ ಉಳಿದದ್ದು ಇನ್ನೊಂದು ಪಾಲು. ಒತ್ತಬಾರದು, ಸುಮಾರು ಮೂವತ್ತು ಡಿಗ್ರಿಯ ಓರೆ ತಪ್ಪಬಾರದು, ಮೊದಲ ಸಲ ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ಇದನ್ನು ಒಂದೆರಡು ವಾರಗಳಲ್ಲಿ ಯಾರಾದರೂ ಕಲಿಯಬಹುದು.

ಈ ‘ಯಾರಾದರೂ’ ಎಂಬುದರ ಅರ್ಥ ನನಗೆ ತಿಳಿದದ್ದು ಅಪ್ಪಯ್ಯನ ಮಾತುಗಳಿಂದ. ಅವರು ಉಡುಪಿ ಕಡೆಯಿಂದ ಮಾಟುಂಗಕ್ಕೆ ಬಂದದ್ದು 1958ರಲ್ಲಿ, ಹದಿನಾರರ ಹರೆಯದಲ್ಲಿ. ಮಾಟುಂಗ ಆಗಲೇ ನಮ್ಮವರ ಊರಾಗಿತ್ತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇತ್ತು, 1942ರಿಂದ ನಡೆಯುತ್ತಿದ್ದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಇತ್ತು. ಅಪ್ಪಯ್ಯ ಸೇರಿದ್ದು ಬೇರೊಂದು ಸಣ್ಣ ಹೋಟೆಲಿಗೆ. ಹಗಲು ಮಾಣಿಯ ಕೆಲಸ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಏಳು ಹುಡುಗರು, ಗೋಡೆಯಲ್ಲಿ ಒಂದೇ ಕನ್ನಡಿ. ಕುರುಚಲು ಗಡ್ಡ ಬಿಟ್ಟವನು ಬಡಿಸಲು ಹೋಗುವಂತಿರಲಿಲ್ಲ. ಸೆಲೂನಿಗೆ ದಿನಾ ಹೋಗಲು ದುಡ್ಡೂ ಇರಲಿಲ್ಲ, ಬೆಳಗಿನ ಐದು ಗಂಟೆಗೆ ತೆರೆದಿರುವ ಸೆಲೂನೂ ಇರಲಿಲ್ಲ. ಏಳು ಹುಡುಗರೂ ದುಡ್ಡು ಕೂಡಿಸಿ ಒಂದು ಮೂರು ತುಂಡಿನ ಹಿತ್ತಾಳೆಯ ರೇಜರನ್ನು ಕೊಂಡರಂತೆ. ರೇಜರು ಒಂದೇ, ಬ್ಲೇಡು ಮಾತ್ರ ಅವರವರದು. ಬ್ಲೇಡಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅವರವರ ಹೆಸರಿನ ಮೊದಲ ಅಕ್ಷರ. ಆಗಿನ ಬ್ಲೇಡುಗಳು ಬೇಗ ತುಕ್ಕು ಹಿಡಿಯುತ್ತಿದ್ದವು, ತುಕ್ಕು ಹಿಡಿಯದ ಬ್ಲೇಡುಗಳ ಕಾಲ ಬಂದದ್ದು ಅರುವತ್ತರ ದಶಕದಲ್ಲಿ. ಹಾಗಾಗಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಡುವುದು, ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಬದಿಗೆ ಉಜ್ಜಿ ಇನ್ನೆರಡು ದಿನ ಎಳೆಯುವುದು ಎಲ್ಲರಿಗೂ ರೂಢಿಯಾಗಿತ್ತು.

ಏಳು ಹುಡುಗರಲ್ಲಿ ಎಲ್ಲ ಜಾತಿಯವರೂ ಇದ್ದರು. ಊರಿನಲ್ಲಾದರೆ ಒಬ್ಬರ ಜಗಲಿಗೆ ಇನ್ನೊಬ್ಬರು ಹತ್ತದವರು ಇಲ್ಲಿ ಒಂದೇ ರೇಜರನ್ನು ತೊಳೆದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ವಾರ, ತಿಥಿ ನೋಡಿ ಕ್ಷೌರ ಮಾಡಿಸಿಕೊಳ್ಳುವ ಪಂಚಾಂಗದ ಲೆಕ್ಕವೂ ಆ ಕನ್ನಡಿಯ ಮುಂದೆ ಮುರಿದುಬಿತ್ತು. ಮಂಗಳವಾರ ಗಡ್ಡ ಮುಟ್ಟಬಾರದೆಂಬ ನೇಮದಲ್ಲಿ ಬೆಳೆದ ಅಪ್ಪಯ್ಯ, ಮಂಗಳವಾರವೂ ಬಡಿಸಬೇಕಾದ್ದರಿಂದ ಅದನ್ನು ಬಿಟ್ಟರು. ನಮ್ಮ ಊರುಗಳಲ್ಲಿ ಸೆಲೂನುಗಳಿಗೆ ಮಂಗಳವಾರ ರಜೆ, ಮುಂಬಯಿಯಲ್ಲಿ ಸೋಮವಾರ. ಎರಡು ಊರಿನ ನಡುವೆ ಬದುಕಿದವರಿಗೆ ವಾರವೆಂಬುದು ಮನುಷ್ಯರು ಮಾಡಿಕೊಂಡ ಏರ್ಪಾಡೆಂದು ತಿಳಿಯಲು ಇಷ್ಟು ಸಾಕಿತ್ತು.

ಹುಡುಗರು ಒಬ್ಬೊಬ್ಬರಾಗಿ ಬೇರೆ ಬೇರೆ ಕಡೆಗೆ ಹೋದಾಗ ಆ ರೇಜರು ಅಪ್ಪಯ್ಯನ ಪಾಲಿಗೆ ಉಳಿಯಿತು. ಗುಮಾಸ್ತೆಯಾಗಿ ಕಚೇರಿ ಸೇರಿದಾಗಲೂ, ಮದುವೆಯ ದಿನವೂ, ನಿವೃತ್ತಿಯ ದಿನವೂ ಅದರಲ್ಲಿಯೇ ಗಡ್ಡ ತೆಗೆದವರು. ನಿಕ್ಕಲ್ ಲೇಪ ಹೋಗಿ ಹಿತ್ತಾಳೆಯ ಬಣ್ಣ ಕಾಣುತ್ತದೆ, ಅಷ್ಟೇ. ತಿರುಪು ಸವೆದಿಲ್ಲ. ಅರ್ಧ ಶತಮಾನ ದಾಟಿದ ಈ ವಸ್ತುವಿಗೆ ಇಂದಿನ ಬ್ಲೇಡು ಸರಿಯಾಗಿ ಕೂರುತ್ತದೆ. ನಮ್ಮ ಪಕ್ಕದ ಠಾಣೆಯಲ್ಲೇ ತಯಾರಾಗಿ ದೇಶವಿದೇಶಗಳಿಗೆ ಹೋದ ಸೂಪರ್‌ಮ್ಯಾಕ್ಸ್ ಆಗಲಿ, ಟೋಪಾಜ್ ಆಗಲಿ, ಸೆವೆನ್ ಓ ಕ್ಲಾಕ್ ಆಗಲಿ, ಯಾವ ಕಂಪನಿಯದಾದರೂ ನಡುವಿನ ಸೀಳು ಒಂದೇ ಅಳತೆಯದು. ಒಂದು ಕಂಪನಿಯ ಹಿಡಿಗೆ ಆ ಕಂಪನಿಯ ತಲೆಯೇ ಬೇಕೆಂಬ ಇಂದಿನ ಪ್ಲಾಸ್ಟಿಕ್ ರೇಜರುಗಳ ಕಟ್ಟುಪಾಡು ಇದಕ್ಕಿಲ್ಲ. ಹಿಡಿ ಒಮ್ಮೆ ಕೊಂಡರೆ ಆಯಿತು, ಬ್ಲೇಡಿಗೆ ಕೆಲವೇ ರೂಪಾಯಿ.

ಇಷ್ಟಾದರೂ ಸೇಫ್ಟಿ ರೇಜರನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಅದರಿಂದ ಎರಡು ನಷ್ಟಗಳಾದವು. ಮೊದಲನೆಯದು, ಮನೆಮನೆಯಲ್ಲಿ ರೇಜರು ಬಂದ ಮೇಲೆ ಕ್ಷೌರಿಕರ ದಿನದ ಗಳಿಕೆಯ ಒಂದು ಭಾಗ ಹೋಯಿತು. ಗಡ್ಡ ಮನೆಗೆ, ತಲೆಕೂದಲು ಮಾತ್ರ ಅಂಗಡಿಗೆ ಎಂಬಂತಾಯಿತು. ಅವರನ್ನು ಹುಟ್ಟಿನ ಕೆಲಸದಿಂದ ಬಿಡಿಸಿದ ಶಕ್ತಿಯೇ ಅವರ ಅನ್ನವನ್ನೂ ಕಡಿಮೆ ಮಾಡಿತು. ಎರಡನೆಯದು, ಎಸೆದ ಬ್ಲೇಡು. ಕಸದ ಚೀಲಕ್ಕೆ ಹಾಗೆಯೇ ಹಾಕಿದ ಬ್ಲೇಡು ಮೊದಲು ಕುಯ್ಯುವುದು ಕಸ ಹೆಕ್ಕುವವರ, ಪಾಲಿಕೆಯ ಸಫಾಯಿ ಕೆಲಸದವರ ಕೈಯನ್ನು. ‘ಸೇಫ್ಟಿ’ ಎಂಬ ಮಾತು ನಮ್ಮ ಕೆನ್ನೆಗೆ ಮಾತ್ರ ಅನ್ವಯಿಸಿದರೆ ಅದಕ್ಕೇನು ಬೆಲೆ? ಇದಕ್ಕೆ ಉಪಾಯ ಕಷ್ಟದ್ದಲ್ಲ. ಮುಚ್ಚಳ ಬಿಗಿಯಾದ ಹಳೆಯ ಡಬ್ಬಿಯೊಂದರಲ್ಲಿ ಸೀಳು ಮಾಡಿ ಬಳಸಿದ ಬ್ಲೇಡುಗಳನ್ನು ಅದಕ್ಕೇ ಹಾಕುತ್ತ ಬರಬೇಕು. ಬ್ಲೇಡು ಅಷ್ಟು ತೆಳುವಾದ್ದರಿಂದ ಒಂದು ಸಣ್ಣ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಮೇಲೆ ಬರೆದು, ಕಸ ಒಯ್ಯುವವರಿಗೆ ಹೇಳಿಯೇ ಕೊಡಬೇಕು.

ಇನ್ನು ಸೆಲೂನಿನ ಅರ್ಧ ಬ್ಲೇಡಿನ ಕತ್ತಿ. ಏಡ್ಸ್ ಕುರಿತ ತಿಳಿವಳಿಕೆ ಹರಡಿದ ಮೇಲೆ ‘ಹೊಸ ಬ್ಲೇಡ್ ಹಾಕಿ’ ಎಂದು ಕೇಳುವುದನ್ನು ಗಿರಾಕಿಗಳೂ ಕಲಿತರು, ಗಿರಾಕಿಯ ಕಣ್ಣೆದುರಿಗೆ ಬ್ಲೇಡನ್ನು ಕಾಗದದೊಂದಿಗೇ ಎರಡಾಗಿ ಮುರಿಯುವುದನ್ನು ಕ್ಷೌರಿಕರೂ ರೂಢಿಸಿಕೊಂಡರು. ಒಬ್ಬರಿಗೆ ಬಳಸಿದ ಅಂಚು ಇನ್ನೊಬ್ಬರಿಗೆ ತಾಗದು, ಮಸೆಯುವ ಕೆಲಸವೂ ಇಲ್ಲ. ಆದರೆ ಸ್ವಂತ ಮುಖಕ್ಕೆ ಇದನ್ನು ಬಳಸಹೊರಟವರಿಗೆ ಎಚ್ಚರಿಕೆ ಹೇಳಬೇಕು. ಇದರಲ್ಲಿ ಹಳೆಯ ಕತ್ತಿಯ ತೂಕ ಇಲ್ಲ, ಸೇಫ್ಟಿ ರೇಜರಿನ ತಡೆಯೂ ಇಲ್ಲ. ಹೊಸ ಬ್ಲೇಡಿನ ತೀರಾ ಹರಿತವಾದ ಅಂಚಿನ ಹಿಂದೆ ಇರುವುದು ಹಗುರವಾದ ಹಿಡಿ ಮಾತ್ರ. ಮೂರರಲ್ಲಿ ಸಲೀಸಾಗಿ ಗಾಯ ಮಾಡುವುದು ನನ್ನ ಅನುಭವದಲ್ಲಿ ಇದೇ. ಕ್ಷೌರಿಕನ ಕೈಯಲ್ಲಿ ಅದು ಪಳಗಿದ ಪ್ರಾಣಿಯಂತೆ ಇರುತ್ತದೆ, ಅದನ್ನು ನೋಡಿ ಸುಲಭವೆಂದುಕೊಳ್ಳಬಾರದು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ ಎಂದೆ. ಆ ಅನುಭವ ಅಪ್ಪಯ್ಯನದು. ಕೈ ನಡುಗಲು ಆರಂಭವಾದ ಮೇಲೂ ಅವರು ಹಲವು ತಿಂಗಳು ತಮ್ಮ ಹಿತ್ತಾಳೆಯ ರೇಜರನ್ನು ಬಿಡಲಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಗಡ್ಡ ತೆಗೆಯುತ್ತಿದ್ದರು. ಬಾಗಿಲ ಹೊರಗೆ ನಿಂತ ನನಗೆ ರೇಜರು ಪಾತ್ರೆಯ ಅಂಚಿಗೆ ತಾಗಿ ಟಿಣಿಟಿಣಿ ಎನ್ನುವುದು ಕೇಳುತ್ತಿತ್ತು. ಗಲ್ಲದ ಮೇಲೆ ತುರಟಿಯ ಕಲ್ಲು ಉಜ್ಜಿದ ಬಿಳಿ ಗುರುತುಗಳು ದಿನದಿನಕ್ಕೆ ಹೆಚ್ಚಿದವು. ಒಂದು ದಿನ ಅವರೇ ರೇಜರನ್ನು ತೊಳೆದು, ಮೂರು ತುಂಡು ಬಿಚ್ಚಿ, ಒರೆಸಿ, ನನ್ನ ಕೈಗೆ ಕೊಟ್ಟು, ‘ಇನ್ನು ನೀನೇ ನೋಡಿಕೋ ಮಾರಾಯ’ ಎಂದರು.

ನಾನು ನೋಡಿಕೊಂಡೆ, ಆದರೆ ಚೆನ್ನಾಗಿ ಅಲ್ಲ. ಸ್ವಂತ ಮುಖವನ್ನು ಕ್ಷೌರ ಮಾಡುವವನಿಗೆ ಕೈ ತಪ್ಪಿದರೆ ಚರ್ಮವೇ ಹೇಳುತ್ತದೆ. ಇನ್ನೊಬ್ಬರ ಮುಖದಲ್ಲಿ ಆ ಸೂಚನೆ ಸಿಗುವುದಿಲ್ಲ. ಮುದುಕರ ಕೆನ್ನೆಯ ಚರ್ಮ ಸಡಿಲ, ಅದನ್ನು ಇನ್ನೊಂದು ಕೈಯಿಂದ ಎಳೆದು ಬಿಗಿ ಹಿಡಿಯದಿದ್ದರೆ ಬ್ಲೇಡು ಮಡಿಕೆಯನ್ನೇ ಹಿಡಿಯುತ್ತದೆ. ಕುತ್ತಿಗೆಯ ಗುಳಿಯಲ್ಲಿ ರೇಜರಿನ ಅಗಲವಾದ ತಲೆ ಕೂರುವುದಿಲ್ಲ. ಸೆಲೂನಿನವರ ಕತ್ತಿ ಇದಕ್ಕೆ ಸರಿಹೋದೀತೆಂದು ಒಂದನ್ನು ತಂದು ಪ್ರಯತ್ನಿಸಿದ್ದೂ ಆಯಿತು. ಮೊದಲ ದಿನವೇ ಕಿವಿಯ ಕೆಳಗೆ ಗಾಯ. ರಕ್ತ ನಿಲ್ಲಲು ಹೊತ್ತು ಹಿಡಿಯಿತು. ಅಪ್ಪಯ್ಯ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು. ಆ ಕತ್ತಿಯನ್ನು ನಾನು ಮತ್ತೆ ಮುಟ್ಟಲಿಲ್ಲ.

ಈಗ ನಮ್ಮ ಬೀದಿಯ ಸೆಲೂನಿನವರು ಸೋಮವಾರ, ಅಂದರೆ ಅವರ ರಜೆಯ ದಿನ, ಮನೆಗೆ ಬರುತ್ತಾರೆ. ಉತ್ತರಪ್ರದೇಶದಿಂದ ಬಂದವರು, ಮೂವತ್ತರ ಆಸುಪಾಸಿನ ಪ್ರಾಯ. ಅಪ್ಪಯ್ಯನ ಹಿಂದಿಯೂ ಅವರ ಹಿಂದಿಯೂ ಒಂದಕ್ಕೊಂದು ಸಂಬಂಧವಿಲ್ಲದವು, ಆದರೂ ಮಾತು ನಡೆಯುತ್ತದೆ. ಅವರು ಮೊದಲು ಮಾಡುವುದು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಲ್ಲಕ್ಕೆ ಹಿಡಿದು ಸುಮ್ಮನೆ ಕಾಯುವುದು. ಆಮೇಲೆ ಎಡಗೈಯ ಹೆಬ್ಬೆರಳಿನಿಂದ ಚರ್ಮವನ್ನು ಮೇಲಕ್ಕೆ ಎಳೆಯುತ್ತಾರೆ. ಕತ್ತಿ ಹಿಡಿದ ಕೈಯ ಕಿರುಬೆರಳು ಅಪ್ಪಯ್ಯನ ಕೆನ್ನೆಯ ಮೇಲೆಯೇ ಊರಿರುತ್ತದೆ. ತಲೆ ನಡುಗಿದರೆ ಆ ಕೈಯೂ ಅದರೊಂದಿಗೇ ಅಷ್ಟೇ ಸರಿಯುತ್ತದೆ, ಹಾಗಾಗಿ ಅಂಚಿಗೂ ಚರ್ಮಕ್ಕೂ ನಡುವಿನ ಅಂತರ ಬದಲಾಗುವುದಿಲ್ಲ. ಇದನ್ನು ನಾನು ನಾಲ್ಕನೆಯ ಸೋಮವಾರ ಗಮನಿಸಿದೆ. ಪುಸ್ತಕ ಓದಿ, ಚಿತ್ರಗಳನ್ನು ನೋಡಿ ಕಲಿಯಲು ಹೊರಟ ನನಗೆ ಕಾಣದೆ ಹೋದದ್ದು ಈ ಕಿರುಬೆರಳು.

ಅವರು ಕೇಳಿದ ಹಣ ಅಂಗಡಿಯ ದರದಷ್ಟೇ ಇತ್ತು. ರಜೆಯ ದಿನ ಮನೆಗೆ ಬಂದು ಮಾಡುವ ಕೆಲಸಕ್ಕೆ ಅದು ಸಾಲದೆಂದು ನಾವೇ ಹೆಚ್ಚಿಸಿದೆವು. ವೈದ್ಯರ ಮನೆಭೇಟಿಗೆ ಬೇರೆ ಶುಲ್ಕವಿದೆ ಎಂದರೆ ತಕರಾರಿಲ್ಲದೆ ಕೊಡುವ ನಾವು ಇಲ್ಲಿ ಮಾತ್ರ ಚೌಕಾಸಿಗೆ ಇಳಿಯುವುದೇಕೆ? ಆ ಬುದ್ಧಿ ಹಳೆಯ ಕಣದ ಲೆಕ್ಕದಿಂದಲೇ ಬಂದದ್ದೆಂದು ನನಗನ್ನಿಸುತ್ತದೆ. ಕೆಲಸ ಮುಗಿದ ಮೇಲೆ ಅವರು ನಮ್ಮೊಂದಿಗೇ ಕೂತು ಕಾಫಿ ಕುಡಿಯುತ್ತಾರೆ. ಅಪ್ಪಯ್ಯ ಗಲ್ಲ ಸವರಿಕೊಂಡು, ಸ್ನಾನದ ಮಾತೆತ್ತದೆ, ಅವರ ಪಕ್ಕದಲ್ಲಿಯೇ ಕೂರುತ್ತಾರೆ. ಅಪ್ಪಯ್ಯನ ಅಪ್ಪ ಇದನ್ನು ಮಾಡುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ಹೀಗೆ ನಾನು ತಲುಪಿದ ಅಭಿಪ್ರಾಯ ಇದು. ಸ್ವಂತ ಕೈಯಿಂದ ಸ್ವಂತ ಗಡ್ಡ ತೆಗೆಯುವವನಿಗೆ ಎರಡಂಚಿನ ಬ್ಲೇಡಿನ ಸೇಫ್ಟಿ ರೇಜರೇ ತಕ್ಕದ್ದು. ಹೊಸಬರು ಮೂರು ತುಂಡಿನ, ಅಂಚಿಗೆ ಮುಚ್ಚಿದ ತಡೆಪಟ್ಟಿಯಿರುವ, ತುಸು ತೂಕದ ರೇಜರನ್ನು ಕೊಳ್ಳಲಿ. ಬಾಚಣಿಗೆಯಂತೆ ಹಲ್ಲುಗಳಿರುವ ಬಗೆ ಉದ್ದ ಬೆಳೆದ ಗಡ್ಡಕ್ಕೆ ಒಳ್ಳೆಯದು, ಆದರೆ ಕೈ ಪಳಗಿದ ಮೇಲೆ. ಒಂದೇ ಕಂಪನಿಯ ಬ್ಲೇಡಿಗೆ ಅಂಟಿಕೊಳ್ಳದೆ ನಾಲ್ಕಾರು ಬಗೆ ನೋಡಿ, ತಮ್ಮ ಚರ್ಮಕ್ಕೆ ಒಗ್ಗುವುದನ್ನು ಆರಿಸಲಿ. ಮೂರು ನಾಲ್ಕು ಸಲ ಬಳಸಿದ ಮೇಲೆ ಎಳೆದಂತೆ ಅನ್ನಿಸಿದರೆ ಬದಲಿಸಲಿ. ಬಿಸಿನೀರು, ಬ್ರಷ್ಷು, ಸೋಪಿನ ನೊರೆ, ಇವುಗಳಿಗೆ ಕೊಡುವ ಐದು ನಿಮಿಷ ಬ್ಲೇಡಿಗೆ ಕೊಡುವ ದುಡ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಮನವಿಟ್ಟು ಮಾಡುವ ಕೆಲಸದ ಸುಖ ಬೇಕೆಂದರೆ ಅದು ಇದರಲ್ಲಿಯೂ ಇದೆ.

ಮಡಚುವ ಕತ್ತಿಯನ್ನು ಅದನ್ನು ವೃತ್ತಿಯಾಗಿ ಕಲಿತವರ ಕೈಗೆ ಬಿಡೋಣ, ಆ ವಿದ್ಯೆಗೆ ತಕ್ಕ ಬೆಲೆಯನ್ನೂ ಕೊಡೋಣ. ತಿಂಗಳಿಗೊಮ್ಮೆಯಾದರೂ ಸೆಲೂನಿನ ಕುರ್ಚಿಯಲ್ಲಿ ಕೂತು, ಬಲ್ಲವರ ಕೈಗೆ ಕುತ್ತಿಗೆ ಒಡ್ಡಿದರೆ ಕತ್ತಿಯ ನುಣುಪು ಹೇಗಿರುತ್ತದೆಂಬುದೂ ತಿಳಿಯುತ್ತದೆ. ಕಲಿಯಲೇಬೇಕೆಂಬ ಹಂಬಲವಿದ್ದವರು ಕಲಿಯಬಾರದೆಂದು ನಾನು ಹೇಳಲಾರೆ. ವಿದ್ಯೆಗೆ ಜಾತಿಯ ಬೇಲಿ ಹಾಕುವುದು ಹಳೆಯ ತಪ್ಪನ್ನೇ ಬೇರೆ ದಿಕ್ಕಿನಿಂದ ಮಾಡಿದಂತೆ. ಆದರೆ ಹೊಳಪು ಕಾಗದ ಓದಿ ಕಲಿಯಬೇಡಿ. ಅದನ್ನು ಬಲ್ಲ ಕೈಯೊಂದರ ಹತ್ತಿರ ಹೋಗಿ, ಗುರುವೆಂದು ಕೇಳಿ, ಕಲಿಸಿದ್ದಕ್ಕೆ ಕೊಡಬೇಕಾದದ್ದನ್ನು ಕೊಟ್ಟು ಕಲಿಯಿರಿ.

ಇಷ್ಟು ಬರೆದ ಮೇಲೆ ನಮ್ಮ ಹಿರಿಯರಿಗೆ ಓದಿ ಹೇಳಿದೆ. ಅವರ ಅಜ್ಜನ ವಿಷಯವನ್ನು ಬರೆಯಲು ಒಪ್ಪಿಗೆ ಬೇಕಿತ್ತು. ಫೋನಿನ ಆ ಕಡೆ ತುಸು ಹೊತ್ತು ಸುಮ್ಮನಿದ್ದು, ‘ಬರೆಯಿರಿ, ಹೆಸರು ಬೇಡ’ ಎಂದರು. ಬಳಿಕ, ‘ಆ ಹುಡುಗನಿಗೆ ಮುಂದಿನ ಕೂಟಕ್ಕೆ ಕತ್ತಿಯನ್ನೂ ಒಂದು ಸಾಣೆಕಲ್ಲನ್ನೂ ತರಲು ಹೇಳಿ. ಹರಿತ ಮಾಡುವುದು ಹೇಗೆಂದು ಅಜ್ಜ ತೋರಿಸಿದ್ದು ಮರೆತಿಲ್ಲ. ಯಾರಿಗೂ ಹೇಳಿಕೊಡಲು ಆಗಲೇ ಇಲ್ಲ’ ಎಂದರು.

ಕಿರಿಯ ಗೆಳೆಯರಿಗೆ ವಿಷಯ ತಿಳಿಸಿದ್ದೇನೆ. ಕಲ್ಲು ತರುತ್ತೇನೆಂದಿದ್ದಾರೆ.